ಬೀದಿ ಬೆಕ್ಕಿನ ಮರಿ ಸಿಕ್ಕರೆ

ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿ ಬೇಟೆಗೆ ಹೋಗಿರಬಹುದು. ದೂರ ನಿಂತು 2-3 ಗಂಟೆ ನೋಡಿ. ಮೈ ತಣ್ಣಗಾಗಿದ್ದರೆ ಮಾತ್ರ ಕಾಯಬೇಡಿ.

ಮೊದಲು ಬಿಸಿ, ಆಮೇಲೆ ಹಾಲು. ತಣ್ಣಗಿರುವ ಮರಿಗೆ ಹಾಲು ಅರಗದು, ಪ್ರಾಣಕ್ಕೇ ಕುತ್ತು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಹಸುವಿನ ಹಾಲಿಗೆ ಭೇದಿಯಾಗುತ್ತದೆ. ಬೆಕ್ಕಿನ ಮರಿಗಳ ಹಾಲಿನ ಪುಡಿ ಕದಡಿ, ಬೋರಲು ಮಲಗಿಸಿ ಕುಡಿಸಿ. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. 3 ವಾರದೊಳಗಿನ ಮರಿಗೆ ಪ್ರತಿ ಸಲ ಹಾಲು ಕುಡಿಸಿದಾಗಲೂ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ, ಇಲ್ಲದಿದ್ದರೆ ಮೂತ್ರ ಬರದು.

ಬುಸ್ಸೆನ್ನುವ 5-6 ವಾರದ ಮರಿಯನ್ನು ಪಳಗಿಸಲು ಸಣ್ಣ ಕೋಣೆ ಸಾಕು. ಬೇಯಿಸಿದ ಕೋಳಿಯ ಎಳೆಗಳನ್ನು ಬೆರಳಿನಿಂದಲೇ ತಿನ್ನಿಸಿ.

8 ವಾರ ತುಂಬಿ, ಜಂತುಹುಳು ಔಷಧಿ, ಮೊದಲ ಲಸಿಕೆ ಆದ ಮೇಲಷ್ಟೇ ಮರಿಯನ್ನು ಸಾಕುವವರಿಗೆ ಕೊಡಿ. ಜೋಡಿಯಾಗಿ ಒಯ್ಯುವವರಿದ್ದರೆ ಬಹಳ ಒಳ್ಳೆಯದು. ಬಾಲ್ಕನಿಗೆ ಬಲೆ ಇದೆಯೇ ನೋಡದೆ ಒಪ್ಪಿಸಬೇಡಿ. 4-5 ತಿಂಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವ ಮಾತು ಪಡೆದುಕೊಳ್ಳಿ.