ಎಲುಬಿನ ಪುಡಿ ಮತ್ತು ಕೇಳದೇ ಬಿಟ್ಟ ಪ್ರಶ್ನೆ

ನಾನು ಧಾರವಾಡದವಳು. ಡೊಂಬಿವಲಿಯಲ್ಲಿ ಮನೆ, ಮುಂಬೈನ ಒಂದು ಡಿಎನ್‌ಎ ಲ್ಯಾಬ್‌ನಲ್ಲಿ ಕೆಲಸ. ಗುರುತು ಸಿಗದ ಹೆಣಗಳ ಎಲುಬು, ಹಲ್ಲು ನನ್ನ ಟೇಬಲ್‌ಗೆ ಬರುತ್ತವೆ. ಅದರಲ್ಲಿ ಒಂದು ಕೇಸಿನ ಬಗ್ಗೆ ಬರೆಯಲೇಬೇಕು ಅನ್ನಿಸಿದೆ.

ಮಳೆಗಾಲ ಮುಗಿದ ಮೇಲೆ ಖಾಡಿ (ಸಮುದ್ರದ ನೀರು ಒಳನುಗ್ಗುವ ಕಾಲುವೆ) ಬದಿಯ ಪೊದೆಯಲ್ಲಿ ಸಿಕ್ಕ ದೇಹ ಅದು. ಮುಖ ಉಳಿದಿರಲಿಲ್ಲ. ಬೆರಳಚ್ಚು ತೆಗೆಯೋಣ ಅಂದರೆ ಚರ್ಮವೂ ಇರಲಿಲ್ಲ. ಅಂಗಿಯ ಕಾಲರ್ ಒಳಗೆ ಟೇಲರ್ ಹೊಲಿದ ಪಟ್ಟಿ ಮಾತ್ರ ಗಟ್ಟಿಯಾಗಿತ್ತು. ಪೊಲೀಸರು ಅದರ ಫೋಟೋ ಕಳಿಸಿ "ಮೇಡಂ, ಇದು ಯಾವ ಭಾಷೆ?" ಅಂತ ಕೇಳಿದರು. ಕನ್ನಡ! ಅಂಗಡಿ ಹೆಸರು ಅಳಿಸಿಹೋಗಿತ್ತು, ಕೆಳಗೆ 'ಇಂಡಿ' ಅನ್ನೋದು ಓದಲು ಬಂತು. ವಿಜಯಪುರ ಜಿಲ್ಲೆಯ ಇಂಡಿ. ಆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕಾಣೆಯಾದ ಹುಡುಗನ ದೂರು ಸಿಕ್ಕಿತು. ತಾಯಿಯನ್ನು ಕರೆಸಿ ರಕ್ತ ತೆಗೆಸಿದರು.

ತೊಡೆಯ ಎಲುಬು ನಮಗೆ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಹಸಿಹಸಿಯಾಗಿತ್ತು, ಬೂಸ್ಟು ಹಿಡಿದಿತ್ತು. ನೋಡಿ ಹೊಟ್ಟೆ ಉರಿಯಿತು. ಎಲುಬನ್ನು ಒಣಗಿಸಿ ಕಾಗದದ ಲಕೋಟೆಯಲ್ಲೇ ಕಳಿಸಬೇಕು. ಫಾರ್ಮಲಿನ್‌ನಲ್ಲಂತೂ ಹಾಕಲೇಬಾರದು, ಡಿಎನ್‌ಎ ಕೆಟ್ಟುಹೋಗುತ್ತದೆ.

ಎಲುಬಿನ ನಡುಭಾಗ ಗಟ್ಟಿ. ಅಲ್ಲಿಂದ ಹೆಬ್ಬೆರಳಿನಷ್ಟು ತುಂಡು ಕತ್ತರಿಸಿದೆ. ಗರಗಸ ತಿರುಗುವಾಗ ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಎಷ್ಟು ವರ್ಷವಾದರೂ ಅದು ರೂಢಿಯಾಗಿಲ್ಲ. ಮೇಲ್ಪದರ ಉಜ್ಜಿ ತೆಗೆಯಬೇಕು. ಮುಟ್ಟಿದವರ ಡಿಎನ್‌ಎ, ಮಣ್ಣಿನ ಬ್ಯಾಕ್ಟೀರಿಯಾ ಎಲ್ಲಾ ಅಂಟಿಕೊಂಡಿರೋದು ಅಲ್ಲೇ. ಬ್ಲೀಚ್‌ನಲ್ಲಿ ತೊಳೆದು, ಒಣಗಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟು ಅರೆಯುತ್ತೇವೆ. ಹಾಗೇ ಅರೆದರೆ ಬಿಸಿಯಾಗುತ್ತದೆ, ಬಿಸಿಗೆ ಡಿಎನ್‌ಎ ಇನ್ನಷ್ಟು ತುಂಡಾಗುತ್ತದೆ. ಕೊನೆಗೆ ಅಕ್ಕಿಹಿಟ್ಟಿನಂಥ ನುಣ್ಣನೆಯ ಪುಡಿ. ಅರ್ಧ ಗ್ರಾಂ ತೆಗೆದುಕೊಂಡೆ. ಇಡಿಟಿಎ ಅನ್ನೋ ರಾಸಾಯನಿಕ ಅದರ ಕ್ಯಾಲ್ಸಿಯಂ ಬಿಡಿಸುತ್ತದೆ. ಪ್ರೋಟೀನೇಸ್ ಕೆ ಅನ್ನೋ ಕಿಣ್ವ 56 ಡಿಗ್ರಿಯಲ್ಲಿ ರಾತ್ರಿಯಿಡೀ ಪ್ರೋಟೀನನ್ನು ಕರಗಿಸುತ್ತದೆ.

16 ಜಾಗಗಳ ಎಸ್‌ಟಿಆರ್ ಓದಲು ಬಂತು. ಎಸ್‌ಟಿಆರ್ ಅಂದರೆ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಸಣ್ಣ ತುಣುಕು, ಅದು ಎಷ್ಟು ಸಲ ಬರುತ್ತದೆ ಅನ್ನೋದು ಒಬ್ಬೊಬ್ಬರಲ್ಲಿ ಬೇರೆ. ಉದ್ದದ ತುಣುಕುಗಳು ಬರಲೇ ಇಲ್ಲ, ನೀರಲ್ಲಿ ನೆನೆದ ಎಲುಬಿನಲ್ಲಿ ಅದು ಮಾಮೂಲು. ಪ್ರತಿ ಜಾಗದಲ್ಲೂ ಮಗುವಿಗೆ ಒಂದು ಗುರುತು ತಾಯಿಯದು, ಒಂದು ತಂದೆಯದು. ಆದರೆ ಇಲ್ಲಿ 3 ಜಾಗದಲ್ಲಿ ತಾಯಿಯ ಗುರುತೇ ಇರಲಿಲ್ಲ. ಒಂದು ತಪ್ಪಿದರೆ ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಿ ತಾನಾಗಿ ಆದ ಬದಲಾವಣೆ ಅನ್ನಬಹುದು. ಮೂರು ತಪ್ಪಿದರೆ ಹಾಗನ್ನಲು ಆಗಲ್ಲ. 'ಈಕೆಯ ಮಗನಲ್ಲ' ಅಂತ ವರದಿ ಬರೆಯಲು ಕೂತೆ.

ಕೈ ಓಡಲಿಲ್ಲ. ಸಂಬಂಧವೇ ಇಲ್ಲದವರಾಗಿದ್ದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ಕಡೆ ತಪ್ಪುತ್ತಿತ್ತು. ಹತ್ತಿರದ ರಕ್ತ, ಆದರೆ ತಾಯಿಯಲ್ಲ. ಫಾರಂನಲ್ಲಿ 'ತಾಯಿ' ಅಂತಿತ್ತು, ನಾನೂ ಅದನ್ನೇ ನಂಬಿ ಮುಂದೆ ಕೇಳಿರಲಿಲ್ಲ.

ಆಕೆಯನ್ನು ಮತ್ತೆ ಕರೆಸಿದೆವು. ಜೊತೆಗಿದ್ದ ಭಾವ, ಮೈದುನರನ್ನು ಹೊರಗೆ ಕೂರಿಸಿ ಕೇಳಿದೆ. "ಅವ್ವಾ, ಅಂವಾ ನೀವ ಹಡದ ಮಗಾ ಏನ್ರಿ?"

ತುಂಬಾ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಆಮೇಲೆ, "ಹಡದಾಕಿ ನನ್ನ ತಂಗಿ ಯವ್ವಾ. ಬಾಣಂತನದಾಗ ಹ್ವಾದ್ಲು. ಎಂಟು ದಿನದ ಕೂಸ ನನ್ನ ಉಡ್ಯಾಗ ಹಾಕಿದ್ರು. ಅವಗೂ ಗೊತ್ತಿಲ್ಲ" ಅಂದರು.

ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅಕ್ಕ, ತಂಗಿ, ತಂಗಿಯ ಮಗ, ಎಲ್ಲರದೂ ಒಂದೇ. ಒಂದೊಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿಗಳು ಇರೋದರಿಂದ ಹಳೇ ಎಲುಬಿನಲ್ಲೂ ಸಿಗುತ್ತದೆ. ಅದು ತಾಳೆಯಾಯಿತು. ಆದರೆ ತಾಯಿ ಕಡೆಯವರೆಲ್ಲರದೂ ಒಂದೇ ಇರುವಾಗ ಅಷ್ಟೇ ಸಾಲದು. ಹೆತ್ತ ತಂದೆ ಇನ್ನೊಂದು ಮದುವೆಯಾಗಿ ಬೇರೆ ಊರಲ್ಲಿದ್ದರು. ಅವರ ರಕ್ತ ಬಂತು. 16 ಜಾಗಗಳಲ್ಲೂ ತಾಳೆ, ತಂದೆಯಿಂದ ಮಗನಿಗೆ ಬರುವ ವೈ ಎಸ್‌ಟಿಆರ್ ಕೂಡ ತಾಳೆ.

ಈಗ ಮನೆಯವರ ರಕ್ತದ ಹನಿ ಹಾಕಿದ ಕಾರ್ಡ್ ಬಂದ ತಕ್ಷಣ ನಾನೇ ಪೊಲೀಸರಿಗೆ ಫೋನ್ ಮಾಡುತ್ತೇನೆ. ಹೆತ್ತವರೋ ಸಾಕಿದವರೋ ಅಂತ ಅವರೊಬ್ಬರೇ ಇರುವಾಗ, ಅವರ ಭಾಷೆಯಲ್ಲಿ ಕೇಳಿಸಿ ಅಂತ ಹೇಳುತ್ತೇನೆ. ಕಾಣೆಯಾದವರ ಡಿಎನ್‌ಎ ಪಟ್ಟಿಗೆ ಅವಕಾಶವಿದ್ದ 2019ರ ಮಸೂದೆಯನ್ನು ಸರ್ಕಾರ 2023ರಲ್ಲಿ ವಾಪಸ್ ಪಡೆಯಿತು. ಹಾಗಾಗಿ ಮನೆಯವರು ತಾವಾಗಿ ಬಂದರಷ್ಟೇ ಎಲುಬಿಗೆ ಹೆಸರು ಸಿಗುತ್ತದೆ. ಬಂದವರನ್ನೂ 'ತಾಳೆಯಿಲ್ಲ' ಅಂತ ವಾಪಸ್ ಕಳಿಸಿಬಿಟ್ಟರೆ ಆ ಹುಡುಗ ಎಲ್ಲಿಗೆ ಹೋಗಬೇಕು?

ದೇಹ ಒಯ್ಯಲು ಬಂದಾಗ ಆ ತಾಯಿ ಕೇಳಿದ್ದು ಒಂದೇ. "ಎಲ್ಲಾ ಎಲಬು ಕೊಟ್ಟೀರಿಲ್ಲ?" ಮಣ್ಣು ಮಾಡುವಾಗ ಮಗ ಪೂರ್ತಿ ಇರಬೇಕು ಅನ್ನೋ ಆಸೆ. ಉಳಿದ ತುಂಡನ್ನು ಸೀಲ್ ಮಾಡಿ ವರದಿಯ ಜೊತೆ ಪೊಲೀಸರಿಗೆ ಕಳಿಸಿದ್ದೆ. ಪುಡಿ ಮಾಡಿದ್ದು ಮಾತ್ರ ವಾಪಸ್ ಬರೋದಿಲ್ಲ ಅಂತ ಮುಚ್ಚಿಡದೆ ಹೇಳಿದೆ. ಬೆರಳ ತುದಿಯಲ್ಲಿ ಅಳತೆ ತೋರಿಸಿ "ಇಷ್ಟ ಏನು?" ಅಂದರು. "ಹೌದ್ರಿ, ಇಷ್ಟ" ಅಂದೆ.