ಗಣಿ ಮುಚ್ಚಿದ ಮೇಲೆ ದನ ಸಾಕುವ ರಾಂಚ್‌ಗೆ ರಸ್ತೆ ಉಳಿಸಿಕೊಳ್ಳುವುದು ಹೇಗೆ?

ಅಮೆರಿಕದ ವಯೋಮಿಂಗ್ ರಾಜ್ಯದ ಜಿಲೆಟ್ ಊರಿನ ಸುತ್ತಮುತ್ತಲಿನ ಕಲ್ಲಿದ್ದಲು ಗಣಿಗಳಲ್ಲಿ ಅಗೆದ ನೆಲವನ್ನು ಮತ್ತೆ ಹುಲ್ಲುಗಾವಲು ಮಾಡುವ ಕೆಲಸ ನನ್ನದು. ಅದರಲ್ಲೂ ರಸ್ತೆ, ಚರಂಡಿ, ಮೋರಿ ನನ್ನ ಪಾಲು. ಜಮೀನಿನ ಮಾಲೀಕರು ಬಂದು "ಆ ರಸ್ತೆ ಒಡೀಬೇಡಿ, ದನಕ್ಕೆ ಮೇವು ಸಾಗಿಸೋಕೆ ಬೇಕು" ಅನ್ನುತ್ತಾರೆ. ಆದರೆ ಎಷ್ಟೋ ಸಲ ಅಷ್ಟು ಹೊತ್ತಿಗೆ ಬುಲ್ಡೋಜರ್ ಬಂದು ನಿಂತಿರುತ್ತದೆ. ಬಾಯಿಮಾತಿನಲ್ಲಿ ರಸ್ತೆ ಉಳಿಯುವುದಿಲ್ಲ.

1977ರ ಕೇಂದ್ರ ಗಣಿ ಕಾನೂನಿನ ಪ್ರಕಾರ ಗಣಿ ರಸ್ತೆ ಕೆಲಸ ಮುಗಿದ ಮೇಲೆ ಹೋಗಲೇಬೇಕು. ಸಂಚಾರ ನಿಲ್ಲಿಸಬೇಕು, ಮೋರಿ, ಸೇತುವೆ ಕೀಳಬೇಕು, ಗಟ್ಟಿಯಾದ ನೆಲ ಸೀಳಿ ಸಡಿಲ ಮಾಡಬೇಕು, ಮೇಲ್ಮಣ್ಣು ಹರಡಿ ಬೀಜ ಹಾಕಬೇಕು. ಗಣಿಯ ನಂತರ ಆ ನೆಲವನ್ನು ಯಾವುದಕ್ಕೆ ಬಳಸಬೇಕೆಂದು ಒಪ್ಪಿಗೆಯಾಗಿದೆಯೋ, ಅದಕ್ಕೆ ಬೇಕಾದ ರಸ್ತೆ ಎಂದು ಮಂಜೂರಾದರೆ ಮಾತ್ರ ಉಳಿಯುತ್ತದೆ. ಹಾಗಾಗಿ ಮೊದಲು ಕಂಪನಿಯ ಪರ್ಮಿಟ್ಟಿನಲ್ಲಿರುವ ನಕ್ಷೆ ತೆರೆಸಿ ನೋಡಿ. ನಿಮ್ಮ ರಸ್ತೆ ಅದರಲ್ಲಿ ಇಲ್ಲದಿದ್ದರೆ ಕಂಪನಿಗೆ ಪತ್ರ ಬರೆಯಿರಿ, ಪರ್ಮಿಟ್ ತಿದ್ದುಪಡಿಗೆ ಹಾಕಲು ಕೇಳಿ. ಒಂದು ಪ್ರತಿ ರಾಜ್ಯದ ಪರಿಸರ ಇಲಾಖೆಗೂ ಕಳಿಸಿ. ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಯಾಕೆ ಬೇಕು, ಯಾವ ಮೋರಿ ಇರಬೇಕು, ಎಲ್ಲವನ್ನೂ ಬರೆಯಿರಿ. "ರಸ್ತೆಗಳನ್ನು ಬಿಟ್ಟುಬಿಡಿ" ಅಂತ ಸುಮ್ನೆ ಒಂದು ಸಾಲು ಬರೆದರೆ ಯಾರಿಗೂ ಪ್ರಯೋಜನವಿಲ್ಲ.

ಇಲ್ಲಿ ಕೆಲವರು ಆಸೆ ಬೀಳುತ್ತಾರೆ. ಕಲ್ಲಿದ್ದಲು ಸಾಗಿಸುವ ದೊಡ್ಡ ರಸ್ತೆ 100 ಅಡಿಗೂ ಜಾಸ್ತಿ ಅಗಲ ಇರಬಹುದು. ನಿಮ್ಮ ಪಿಕಪ್‌ಗೆ, ದನದ ಟ್ರೇಲರ್‌ಗೆ 14 ಅಡಿ ಸಾಕು, ಅಲ್ಲಲ್ಲಿ ಎದುರು ಗಾಡಿಗೆ ಜಾಗ ಬಿಟ್ಟರೆ ಆಯಿತು. ಉಳಿದಷ್ಟೂ ಹುಲ್ಲಾಗಲಿ, ದನ ಮೇಯುವುದು ಅದನ್ನೇ ಅಲ್ವಾ? ಅಗಲ ಜಾಸ್ತಿಯಾದಷ್ಟೂ ಮಳೆನೀರು ಜಾಸ್ತಿ ಹರಿದು ಬರುತ್ತದೆ, ಕಳೆಯೂ ಅಷ್ಟೇ. ಇನ್ನೊಂದು ವಿಷಯ: ಶಾಶ್ವತವಾಗಿ ಉಳಿಸುವ ರಸ್ತೆಯನ್ನು ಕೇಂದ್ರ ನಿಯಮ ಮುಖ್ಯ ರಸ್ತೆ ಎಂದೇ ಲೆಕ್ಕ ಹಾಕುತ್ತದೆ. ಅಂದರೆ ಎಂಜಿನಿಯರ್ ಸಹಿ ಬೇಕು, 10 ವರ್ಷಕ್ಕೊಮ್ಮೆ ಬರುವಂಥ 6 ಗಂಟೆಯ ಮಳೆಯ ನೀರು ಸುರಕ್ಷಿತವಾಗಿ ಹರಿದುಹೋಗುವಂತೆ ಚರಂಡಿ, ಮೋರಿ ಇರಬೇಕು. ರಸ್ತೆ ಕಡಿಮೆಯಾದಷ್ಟೂ ಕಂಪನಿ ಬೇಗ ಒಪ್ಪುತ್ತದೆ.

ಯಾವುದನ್ನು ಆರಿಸಬೇಕು? ಅಗೆಯದ ಮೂಲ ನೆಲದ ಮೇಲೆ ಹೋಗುವ ರಸ್ತೆ ಸಿಕ್ಕರೆ ಅದೇ ಮೇಲು. ಗಣಿಯ ಗುಂಡಿಗೆ ಮಣ್ಣು ತುಂಬಿದ ಜಾಗ ವರ್ಷಗಳ ಕಾಲ ಕುಸಿಯುತ್ತಲೇ ಇರುತ್ತದೆ. ಅದೂ ಒಂದೇ ಸಮ ಕುಸಿಯುವುದಿಲ್ಲ. ನಡುವೆ ತಗ್ಗು ಬೀಳುತ್ತದೆ, ನೀರು ನಿಲ್ಲುತ್ತದೆ, ಮಾರ್ಚ್‌ನ ಕೆಸರಿನಲ್ಲಿ ಗಾಡಿ ಹೂತುಹೋಗುತ್ತದೆ. ಗುಡ್ಡ ಕೊರೆದು ಮಾಡಿದ ರಸ್ತೆಯೂ ನನಗೆ ಇಷ್ಟವಿಲ್ಲ. ಇಲ್ಲಿನ ಗಾಳಿಗೆ ಆ ಕೊರಕಲಿನಲ್ಲಿ ಹಿಮ ತುಂಬಿಕೊಳ್ಳುತ್ತದೆ. ದಿಣ್ಣೆಯ ಬೆನ್ನಿನ ಮೇಲಿನ ರಸ್ತೆಯನ್ನು ಗಾಳಿಯೇ ಗುಡಿಸುತ್ತದೆ. ಕರು ಹಾಕುವ ಕಾಲಕ್ಕೆ ದಾರಿ ತೆರೆದಿರಬೇಕು ಎನ್ನುವವರು ಇದನ್ನು ಯೋಚಿಸಲೇಬೇಕು.

ಮೋರಿಗಳ ವಿಷಯದಲ್ಲಿ ನಾನು ಜಿಪುಣ. ಒಣಗಿ ಉರುಳಿಬರುವ ಟಂಬಲ್‌ವೀಡ್ ಬಾಯಿಗೆ ಸಿಕ್ಕಿಕೊಂಡರೆ ಸಣ್ಣ ಮೋರಿ ಮುಚ್ಚಿಹೋಗುತ್ತದೆ, ನೀರು ರಸ್ತೆ ಮೇಲೆ ಹತ್ತಿ ಕೊಚ್ಚಿಕೊಂಡು ಹೋಗುತ್ತದೆ. ವರ್ಷವಿಡೀ ಒಣಗಿರುವ ಹಳ್ಳಕ್ಕೆ ಮೋರಿ ಬದಲು ಕಲ್ಲು ಹಾಸಿದ ತಗ್ಗು ದಾಟು ಕೇಳಿ. ನೀರು ಬಂದರೆ ಅದರ ಮೇಲೆಯೇ ಹರಿದು ಹೋಗುತ್ತದೆ. ಮೋರಿ ಬೇಕೇ ಬೇಕು ಎಂದಾದರೆ 18 ಅಂಗುಲಕ್ಕಿಂತ ಸಣ್ಣದನ್ನು ನಾನಂತೂ ಒಪ್ಪುವುದಿಲ್ಲ. ರಸ್ತೆಯ ನಡುಭಾಗ ಸ್ವಲ್ಪ ಉಬ್ಬಿರಲಿ, ಇಳಿಜಾರಿನಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡ ದಿಣ್ಣೆಗಳಿರಲಿ.

ಮೇಲೆ ಹಾಸಲು ಇಲ್ಲಿ ಸ್ಕೋರಿಯಾ ಎನ್ನುವ ಕೆಂಪು ಕಲ್ಲಿದೆ. ನೆಲದಡಿಯ ಕಲ್ಲಿದ್ದಲು ಹಿಂದೆಂದೋ ಉರಿದಾಗ ಮೇಲಿದ್ದ ಕಲ್ಲು ಸುಟ್ಟು ಹೀಗಾಗಿದೆ. ಗಣಿಯವರ ಬಳಿ ರಾಶಿ ಇರುತ್ತದೆ. ಮುಂದಿನ ರಿಪೇರಿಗೆ ಒಂದು ಗುಡ್ಡೆ ಬಿಟ್ಟುಹೋಗಲು ಕೇಳಿ, ಆದರೆ ಆ ಗುಡ್ಡೆಯೂ ನಕ್ಷೆಯಲ್ಲಿ ಇರಬೇಕು. ಬೇಲಿ ದಾಟುವಲ್ಲಿ ಕ್ಯಾಟಲ್ ಗಾರ್ಡ್ (ಗಾಡಿ ದಾಟುವ, ದನ ದಾಟದ ಸರಳುಗಳ ಹಾಸು), ಸಾರ್ವಜನಿಕ ರಸ್ತೆಯ ಕಡೆ ಬೀಗ ಹಾಕುವ ಗೇಟ್ ಕೇಳಿ. ಬೇಟೆ ಕಾಲದಲ್ಲಿ ಒಳ್ಳೆ ರಸ್ತೆ ಕಂಡರೆ ಯಾರು ಬೇಕಾದರೂ ನುಗ್ಗುತ್ತಾರೆ.

ಕೊನೆಗೆ ಬಾಂಡ್. ನೆಲ ಸರಿಪಡಿಸುತ್ತೇವೆ ಎಂಬ ಖಾತರಿಗೆ ಕಂಪನಿ ಇಟ್ಟ ಈ ಹಣ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ವರ್ಷಕ್ಕೆ 26 ಅಂಗುಲ ಅಥವಾ ಅದಕ್ಕಿಂತ ಕಡಿಮೆ ಮಳೆಯ ಕಡೆ ಹುಲ್ಲಿನ ಜವಾಬ್ದಾರಿ ಕನಿಷ್ಠ 10 ವರ್ಷ ಕಂಪನಿಯದೇ. ನಮ್ಮದು ಅಂಥದೇ ಒಣ ಪ್ರದೇಶ. ಬಿಡುಗಡೆಗೆ ಅರ್ಜಿ ಹಾಕಿದಾಗ ಸ್ಥಳೀಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆ, 4 ವಾರ ಜಾಹೀರಾತು ಬರುತ್ತದೆ. ಕೊನೆಯ ಜಾಹೀರಾತಿನಿಂದ 30 ದಿನದೊಳಗೆ ಆಕ್ಷೇಪಣೆ ಬರೆದು ಕೊಡಬಹುದು. ತಪಾಸಣೆಗೆ ಜಮೀನಿನ ಮಾಲೀಕರಾದ ನಿಮಗೂ ಹೋಗುವ ಹಕ್ಕಿದೆ. ಹಿಮ ಕರಗಿದ ಮೇಲೆ ಒಮ್ಮೆ, ಜೋರು ಮಳೆ ನಿಂತ ಮೇಲೆ ಒಮ್ಮೆ ಮೊದಲೇ ಸುತ್ತಾಡಿ ಫೋಟೋ ತೆಗೆದಿಟ್ಟುಕೊಂಡಿರಿ. ಕುಸಿದ ತಗ್ಗು, ಕೊರೆದ ಚರಂಡಿ, ಅಂಚಿನಲ್ಲಿ ಬಂದ ಲೀಫಿ ಸ್ಪರ್ಜ್ ಕಳೆ, ಇವನ್ನೆಲ್ಲ ಆಗಲೇ ತೋರಿಸಿ ಸರಿ ಮಾಡಿಸಿಕೊಳ್ಳಿ. ಎಂಜಿನಿಯರ್ ಸಹಿಯಿರುವ ನಕ್ಷೆಯ ಪ್ರತಿಯನ್ನೂ ಆಗಲೇ ಕೇಳಿ ಪಡೆಯಿರಿ. ಪೂರ್ತಿ ಬಾಂಡ್ ಬಿಡುಗಡೆಯಾದ ಮೇಲೆ ಮೋರಿ ತುಕ್ಕು ಹಿಡಿದರೆ ಹೊಸದನ್ನು ಹಾಕಿಸುವ ಖರ್ಚು ನಿಮ್ಮದೇ.