ಮುಟ್ಟು ನಿಂತಾಗ ಖುಷಿಪಟ್ಟಿದ್ದೆ

ಭಾಲ್ಕಿ ಕಡೆಯ ನಮ್ಮೂರಿನ ಮೇಲೆ ಬೀದರ್ ವಾಯುನೆಲೆಯ ಹಾಕ್ ತರಬೇತಿ ವಿಮಾನಗಳು ಹಾರುತ್ತಿದ್ದವು. ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು 2016ರಲ್ಲಿ ಕಮಿಷನ್ ಆದಮೇಲೆ ಅಲ್ಲಿಯೇ ಹಾಕ್ ಕಲಿತರು. ನನ್ನ ಪಾಲಿಗೆ ಬಂದದ್ದು ನೆಲದ ಓಟ. ಬಿಎಸ್‌ಎಫ್ ಕಾನ್ಸ್‌ಟೆಬಲ್ ಭರ್ತಿಗೆ ಹೆಣ್ಣುಮಕ್ಕಳು 1.6 ಕಿ.ಮೀ.ಯನ್ನು 8.5 ನಿಮಿಷದಲ್ಲಿ ಮುಗಿಸಬೇಕು.

ದಿನಾ ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ, ತಮ್ಮನ ಹಳೇ ಕ್ಯಾನ್ವಾಸ್ ಬೂಟು ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಓಡಿದೆ. ತೂಕ ಇಳಿದರೆ ವೇಗ ಬರುತ್ತದೆಂದು ರಾತ್ರಿ ಒಂದೇ ರೊಟ್ಟಿ. ಮೂರನೇ ತಿಂಗಳಿಗೆ ಮುಟ್ಟು ನಿಂತಿತು. ಪೀಡೆ ಕಳೀತು ಅಂದುಕೊಂಡೆ. "ಎತ್ತಿಗಾದ್ರೂ ಹೊಟ್ಟಿ ತುಂಬ ಮೇವ್ ಹಾಕಿ ಹೊಲಕ್ ಹೊಡಿತೀವಿ, ನೀ ಏನ್ ತಿಂದು ಓಡ್ಲಕತ್ತಿ?" ಅಂತ ಅವ್ವ ಬೈದಳು. ಕೇಳಲಿಲ್ಲ.

ಆಮೇಲೆ ಕಣಕಾಲಿನ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂಥ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐಯಲ್ಲಿ ಎಲುಬಿಗೆ ಕೂದಲೆಳೆಯ ಬಿರುಕು. ಹಿಮೋಗ್ಲೋಬಿನ್ 12 ಇರಬೇಕಾದದ್ದು 9.4. ಡಾಕ್ಟರಮ್ಮ ಮೊದಲು ಕೇಳಿದ್ದೇ ಮುಟ್ಟಿನ ಬಗ್ಗೆ. ದುಡಿತಕ್ಕೆ ತಕ್ಕ ಊಟ ಬೀಳದಿದ್ದರೆ ಮೈ ಮೊದಲು ಅದನ್ನು ನಿಲ್ಲಿಸುತ್ತದಂತೆ. ಈಸ್ಟ್ರೋಜೆನ್ ಇಳಿದಾಗ ಎಲುಬು ಸವೆಯುವಷ್ಟು ಬೇಗ ಕೂಡಿಕೊಳ್ಳುವುದಿಲ್ಲ. ಸೇನಾ ತರಬೇತಿಯಲ್ಲಿ ಈ ಬಿರುಕು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು.

ಎಂಟು ವಾರ ಓಟ ಬಂದ್. ಆ ಸಲದ ಭರ್ತಿ ಕೈತಪ್ಪಿತು.

ಮತ್ತೆ ಶುರುಮಾಡಿದ್ದು ತಾಟಿನಿಂದ. ಓಡುವ ಮುಂಚೆ ಬಾಳೆಹಣ್ಣು; ಬಂದಮೇಲೆ ಎರಡು ಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರು. ಕಬ್ಬಿಣದ ಗುಳಿಗೆ ನಿಂಬೆಹಣ್ಣಿನ ನೀರಿನ ಜೊತೆ. ಎಲ್ಲಕ್ಕಿಂತ ಕಷ್ಟವಾದದ್ದು ಊಟದ ಬೆನ್ನಿಗೇ ಕುಡಿಯುವ ಚಹಾ. ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬಿಡಲಂತೂ ಆಗಲಿಲ್ಲ, ಎರಡು ತಾಸು ಮುಂದೆ ಹಾಕಿದೆ.

ಓಟವನ್ನು ಕೆಂಪು ಮಣ್ಣಿನ ಹಾದಿಗೆ ತಂದೆ. ವಾರಕ್ಕೆರಡು ದಿನ ಓಟ ಬಿಟ್ಟು, ಚೀಲದಲ್ಲಿ ತೊಗರಿ ತುಂಬಿಕೊಂಡು ಗುಡಿಯ ಮೆಟ್ಟಿಲು ಹತ್ತಿದೆ. ಐದು ಕಿಲೋದಿಂದ ಶುರು, ಎರಡು ವಾರಕ್ಕೊಂದು ಕಿಲೋ ಹೆಚ್ಚು. ಎರಡನೇ ಸಲ 7 ನಿಮಿಷ 40 ಸೆಕೆಂಡಿಗೆ ಗೆರೆ ದಾಟಿದೆ.

ಆ ತೊಗರಿ ಚೀಲ ಕೈಹಿಡಿದದ್ದು ತರಬೇತಿಯಲ್ಲಿ. ಕೈಯಲ್ಲಿ ನಾಲ್ಕು ಕಿಲೋ ಮೀರಿದ ಇನ್ಸಾಸ್ ರೈಫಲ್, ಬೆನ್ನಿಗೆ ಪಿಟ್ಟು, ಅಂದರೆ ಸಾಮಾನಿನ ಚೀಲ. ಗಂಡಸರ ಅಳತೆಯ ಪಿಟ್ಟು ನಮಗೆ ಸೊಂಟಕ್ಕಿಳಿದು ಬಡಿಯುತ್ತದೆ. ಪಟ್ಟಿ ಬಿಗಿದು ಬೆನ್ನಿಗೆ ಅಂಟಿಸಿ ಮೇಲೆ ಕೂರಿಸಬೇಕು.

ಒಂದು ದಿನ ಬ್ಯಾರಕ್‌ನಲ್ಲಿ ಯಾದಗಿರಿ ಕಡೆಯ ಹುಡುಗಿ, "ಅಕ್ಕಾ, ಮೂರ್ ತಿಂಗಳಾತು, ಮುಟ್ಟಾಗಿಲ್ಲ. ಆರಾಮ್ ಅದ" ಅಂದಳು. ಅವತ್ತು ಸಂಜೆಯೇ ಡಾಕ್ಟರು ತಪಾಸಣೆ ಮಾಡುವ ಎಂಐ ರೂಮಿಗೆ ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನನ್ನು ಬೈದಳು.